ಗರಸು ತೆಗೆದ ಹೊಲಕ್ಕೆ ಮೇಲ್ಮಣ್ಣು ವಾಪಸ್ ಹಾಕಿಸಿದ್ದು: ಗದಗ ಕಡೆಯ ಒಂದು ತಂಡದ ಕೆಲಸ ಹೇಗಿತ್ತು

ಹೊಲದಲ್ಲಿ ಗರಸು (ರಸ್ತೆಗೆ ಹಾಕುವ ಕಲ್ಲುಮಿಶ್ರಿತ ಗಟ್ಟಿ ಮಣ್ಣು) ತೆಗೆಸುವವರು, ಕಲ್ಲು ಕ್ವಾರಿಗೆ ಜಾಗ ಲೀಸ್ ಕೊಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕೆಲಸ ಮುಗಿದ ಮೇಲೆ ನೆಲವನ್ನು ಮತ್ತೆ ಬಿತ್ತುವ ಹಾಗೆ ಮಾಡಿಕೊಡುತ್ತೇವೆ ಎನ್ನುವ ತಂಡಗಳು ಈಗ ಗದಗ, ಹಾವೇರಿ, ಹುಬ್ಬಳ್ಳಿ ಸುತ್ತಮುತ್ತ ಸಿಗುತ್ತವೆ. ಹೆಚ್ಚಿನವರು ಮಾಡುವುದು ಇಷ್ಟೇ: ಗುಂಡಿ ಮುಚ್ಚುತ್ತಾರೆ, ಬ್ಲೇಡ್ ಎಳೆಯುತ್ತಾರೆ, ಲೆವೆಲ್ ಮಾಡಿ ಬಿಲ್ ಕೊಟ್ಟು ಹೋಗುತ್ತಾರೆ. ಶಿರಹಟ್ಟಿ ತಾಲ್ಲೂಕಿನ ನಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ನಾವು ಕರೆಸಿದ ತಂಡದ ಕೆಲಸ ಬೇರೆ ಥರ ಇತ್ತು. 5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಎಲ್ಲಿ ಹೋಯಿತು ಅಂತ ಮುಂದೆ ಬರೆದಿದ್ದೇನೆ. ದೂರು ಇರುವುದರಿಂದ ಹೆಸರು ಹಾಕುತ್ತಿಲ್ಲ. ಅವರು ಏನು ಮಾಡಿದರು, ಯಾಕೆ ಮಾಡಿದರು ಅನ್ನುವುದು ಗೊತ್ತಿದ್ದರೆ ನೀವು ಯಾವ ತಂಡವನ್ನು ಕರೆದರೂ ಅದನ್ನೇ ಕೇಳಿ ಮಾಡಿಸಿಕೊಳ್ಳಬಹುದು.

ಮೊದಲು ನೆಲದ ವಿಷಯ. ನಮ್ಮ ಕಡೆ ಮಸಾರಿ ಹೊಲದಲ್ಲಿ ಬೆಳೆ ಬರುವುದು ಮೇಲಿನ ಒಂದು ಅಡಿ ಮಣ್ಣಿನಿಂದ. ಕೆಲವು ಕಡೆ ಅಷ್ಟೂ ಇರುವುದಿಲ್ಲ. ಅದರ ಕೆಳಗೆ ಸ್ವಲ್ಪ ಗಟ್ಟಿಯಾದ, ಬಣ್ಣ ತುಸು ಬೇರೆ ಇರುವ ಒಳಮಣ್ಣು, ಅದರ ಕೆಳಗೆ ಗರಸು, ಆಮೇಲೆ ಬಂಡೆ. ರಸ್ತೆ ಕೆಲಸದವರಿಗೆ ಬೇಕಾಗಿರುವುದು ಗರಸು ಮಾತ್ರ. ಮೇಲಿನ ಮಣ್ಣು ಅವರಿಗೆ ಅಡ್ಡಿ. ಜೆಸಿಬಿ ಬಂದ ದಿನವೇ ಅದನ್ನು ಕೆರೆದು ಬದುವಿನ ಕಡೆ ತಳ್ಳಿ, ಅದರ ಮೇಲೆ ಒಳಮಣ್ಣು, ಅದರ ಮೇಲೆ ಕಲ್ಲು ಚೂರು ಎಲ್ಲಾ ಒಟ್ಟಿಬಿಡುತ್ತಾರೆ. ಅಲ್ಲಿಗೆ ಆ ಹೊಲದ ಕತೆ ಮುಗಿಯಿತು. ಮುಂದೆ ಎಷ್ಟು ಚೆನ್ನಾಗಿ ಲೆವೆಲ್ ಮಾಡಿದರೂ ಮೇಲೆ ಬರುವುದು ಕಲಬೆರಕೆ ಮಣ್ಣು. ಒಂದು ಸೆಂಟಿಮೀಟರ್ ಮೇಲ್ಮಣ್ಣು ತಾನಾಗಿ ಹುಟ್ಟಲು ನೂರಾರು ವರ್ಷ ಬೇಕು. ಬೀಜ, ಬೇರು, ಎರೆಹುಳು, ಕಣ್ಣಿಗೆ ಕಾಣದ ಬೂಷ್ಟು, ಬ್ಯಾಕ್ಟೀರಿಯಾ ಎಲ್ಲ ಇರುವುದು ಅದರಲ್ಲೇ. ಹಾಗಾಗಿ ಇಂಥ ಸೇವೆಯನ್ನು ಅಳೆಯಬೇಕಾದ್ದು ಕೊನೆಗೆ ನೆಲ ಎಷ್ಟು ಸಪಾಟಾಯಿತು ಅಂತ ನೋಡಿ ಅಲ್ಲ, ಮೊದಲ ದಿನ ಮೇಲ್ಮಣ್ಣನ್ನು ಎಲ್ಲಿಟ್ಟರು, ಕೊನೆಯ ದಿನ ಅದನ್ನು ಹೇಗೆ ಹಾಸಿದರು ಅಂತ ನೋಡಿ.

ಈ ತಂಡದ ಬಗ್ಗೆ ನನಗೆ ಗೌರವ ಬಂದದ್ದು ಇಲ್ಲಿಯೇ. ಗುಂಡಿ ತೋಡುವುದಕ್ಕಿಂತ ಮುಂಚೆಯೇ ನಮ್ಮನ್ನು ಕರೆಯಿರಿ, ಆಮೇಲೆ ಕರೆದರೆ ಅರ್ಧ ಕೆಲಸ ಮಾತ್ರ ಆಗುತ್ತದೆ ಅಂತ ಫೋನಿನಲ್ಲೇ ಹೇಳಿದರು. ಬಂದವರು ಮಷೀನ್ ತರಲಿಲ್ಲ, ಸಲಿಕೆ, ಹಾರೆ, ಟೇಪು ತಂದರು. ಹೊಲದ ಬೇರೆ ಬೇರೆ ಕಡೆ ಕೈಯಿಂದ ಸಣ್ಣ ಗುಂಡಿ ತೋಡಿ ಮಣ್ಣಿನ ಆಳ ನೋಡಿದರು. ತಗ್ಗಿನ ಕಡೆ ಒಂದೂವರೆ ಅಡಿ ಹತ್ತಿರ ಇತ್ತು. ದಿಬ್ಬದ ಕಡೆ ಅರ್ಧ ಅಡಿ ಸಿಕ್ಕರೆ ಹೆಚ್ಚು. ಎಲ್ಲೆಲ್ಲಿ ಎಷ್ಟು ಕೆರೆಯಬೇಕು ಅಂತ ಸುಣ್ಣದಲ್ಲಿ ಗೆರೆ ಹಾಕಿ, ಗೂಟ ಹೊಡೆದು, ನಮ್ಮ ಕೈಗೂ ಒಂದು ನಕಾಶೆ ಬರೆದುಕೊಟ್ಟರು. ಇಡೀ ಹೊಲವನ್ನು ಒಂದೇ ಆಳಕ್ಕೆ ಕೆರೆದರೆ ತಗ್ಗಿನಲ್ಲಿ ಒಳ್ಳೆ ಮಣ್ಣು ಕೆಳಗೇ ಉಳಿಯುತ್ತದೆ, ದಿಬ್ಬದಲ್ಲಿ ಗರಸು ಮೇಲ್ಮಣ್ಣಿನ ಜೊತೆ ಸೇರುತ್ತದೆ. ಇಷ್ಟು ಸರಳ ಮಾತು, ಆದರೂ ಇದನ್ನು ಮಾಡುವವರು ತೀರಾ ಕಡಿಮೆ.

ಲೆಕ್ಕವನ್ನೂ ಅವತ್ತೇ ಹೇಳಿದರು. ಒಂದು ಎಕರೆ ಅಂದರೆ 43,560 ಚದರ ಅಡಿ. ಒಂದು ಅಡಿ ಆಳಕ್ಕೆ ಕೆರೆದರೆ 43,560 ಘನ ಅಡಿ ಮಣ್ಣು. ಒಂದು ಬ್ರಾಸ್ ಅಂದರೆ 100 ಘನ ಅಡಿ, ಆ ಲೆಕ್ಕದಲ್ಲಿ ಹೆಚ್ಚು ಕಡಿಮೆ 436 ಬ್ರಾಸ್. ಅರ್ಧ ಅಡಿಯಾದರೆ 218. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಕೆಲಸ ಮುಗಿದಾಗ ವಾಪಸ್ ಬಂದ ಮಣ್ಣು ಎಷ್ಟು ಅಂತ ಕೇಳುವುದಕ್ಕೆ ಇದೇ ಆಧಾರ. ಹುಬ್ಬಳ್ಳಿ, ಧಾರವಾಡದ ಹೊಸ ಲೇಔಟುಗಳಲ್ಲಿ ಕೈತೋಟಕ್ಕೆ ಕೆಂಪು ಮಣ್ಣು ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರಾಟ ಆಗುತ್ತದೆ, ನರ್ಸರಿಗಳಿಗೂ ಬೇಕು. ಕಾಯುವವರಿಲ್ಲದ ಮೇಲ್ಮಣ್ಣಿನ ರಾಶಿ ರಾತ್ರಿ ಕರಗುವುದಕ್ಕೆ ತಡ ಆಗುವುದಿಲ್ಲ.

ರಾಶಿ ಹಾಕಿದ ರೀತಿ ನನಗೆ ಬಹಳ ಹಿಡಿಸಿತು. ಮೇಲ್ಮಣ್ಣಿಗೆ ಒಂದು ಜಾಗ, ಒಳಮಣ್ಣಿಗೆ ಬೇರೆ ಜಾಗ, ಕಲ್ಲು ಮತ್ತು ವೇಸ್ಟ್ ಗರಸಿಗೆ ಇನ್ನೊಂದು ಜಾಗ. ಮೂರರ ಮಧ್ಯೆ ಗಾಡಿ ಓಡಾಡುವಷ್ಟು ಅಂತರ. ಹಳ್ಳದ ದಂಡೆಯಲ್ಲಿ ಹಾಕಲಿಲ್ಲ, ನೀರು ಹರಿದು ಬರುವ ತಗ್ಗಿನಲ್ಲೂ ಹಾಕಲಿಲ್ಲ. ಮೇಲ್ಮಣ್ಣಿನ ರಾಶಿಯನ್ನು ಆಳೆತ್ತರಕ್ಕಿಂತ ಮೇಲೆ ಏರಿಸಲಿಲ್ಲ, ಅಗಲವಾಗಿ, ಉದ್ದಕ್ಕೆ ಹಾಕಿದರು. ಜಾಗ ಜಾಸ್ತಿ ಹಿಡಿಯುತ್ತದೆ ಅಂತ ನಮ್ಮ ಮನೆಯಲ್ಲೇ ತಕರಾರು ಬಂತು. ಅದಕ್ಕೆ ಅವರು ಕೊಟ್ಟ ಕಾರಣ ನ್ಯಾಯವಾಗಿತ್ತು. ಎತ್ತರಕ್ಕೆ ಒಟ್ಟಿದರೆ ಒಳಗಿನ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಗಾಳಿ ಬೇಕಾದ ಜೀವಿಗಳು ಸಾಯುತ್ತವೆ. ಬೇರಿಗೆ ಅಂಟಿಕೊಂಡು ರಂಜಕ ಎಳೆದುಕೊಡುವ ಮೈಕೋರೈಜಾ ಎಂಬ ಶಿಲೀಂಧ್ರ ಇದೆ, ಜೀವಂತ ಬೇರು ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದರೆ ಅದೂ ಕ್ಷೀಣಿಸುತ್ತದೆ. ಮಣ್ಣಿನಲ್ಲಿ ಮಲಗಿರುವ ಹುಲ್ಲಿನ ಬೀಜಗಳೂ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಮೇಲಿನ ತೂಕಕ್ಕೆ ಕೆಳಗಿನದು ಒತ್ತಿ ಗಟ್ಟಿಯಾಗುವುದು ಬೇರೆ. ಹೆದ್ದಾರಿ ಕೆಲಸಕ್ಕೆ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಮಾಡಿರುವ ಸ್ಪೆಸಿಫಿಕೇಶನ್‌ನಲ್ಲೂ ಮೇಲ್ಮಣ್ಣಿನ ರಾಶಿ 2 ಮೀಟರ್ ಮೀರಬಾರದು ಅಂತಲೇ ಇದೆ. ರಸ್ತೆ ಬದಿಯ ಗುಂಡಿಗಳನ್ನು ನೋಡುತ್ತಾ ಹೋದರೆ ಅದನ್ನು ಪಾಲಿಸಿದವರು ಎಷ್ಟು ಜನ ಅಂತ ನಿಮಗೇ ಗೊತ್ತಾಗುತ್ತದೆ.

ರಾಶಿ ಹಾಕಿ ಬಿಟ್ಟು ಹೋಗಲಿಲ್ಲ. ಮೊದಲ ಮಳೆಗೆ ಅದರ ಮೇಲೆ ಹುರುಳಿ ಮತ್ತು ಸೆಣಬು ಎರಚಿದರು. ಎರಡೂ ನಮ್ಮ ಮಸಾರಿಗೆ ಹೊಸದಲ್ಲ. ಬೇರು ಮಣ್ಣನ್ನು ಹಿಡಿಯುತ್ತದೆ, ಗಾಳಿಯ ಸಾರಜನಕ ಮಣ್ಣಿಗೆ ಬರುತ್ತದೆ, ಮುಖ್ಯವಾಗಿ ಆ ಶಿಲೀಂಧ್ರಕ್ಕೆ ಬದುಕಲು ಒಂದು ಬೇರು ಸಿಗುತ್ತದೆ. ಸುತ್ತ ಸಣ್ಣ ಒಡ್ಡು ಹಾಕಿ, ಒಂದು ಬದಿಗೆ ಕಾಲುವೆ ಬಿಟ್ಟರು. ನಮ್ಮ ಜಿಲ್ಲೆಯಲ್ಲಿ ಮಳೆ ಕಡಿಮೆ, ಆದರೆ ಬಂದರೆ ಒಂದೇ ಗಂಟೆಯಲ್ಲಿ ಬಡಿದು ಹೋಗುತ್ತದೆ. ಬರಿಯ ಮಣ್ಣಿನ ರಾಶಿ ಇದ್ದರೆ ಆ ಒಂದು ಗಂಟೆಯಲ್ಲಿ ಎಷ್ಟು ಹಳ್ಳಕ್ಕೆ ಹೋಗುತ್ತದೆ ಅಂತ ನೋಡಿದವರಿಗೆ ಗೊತ್ತು. ನಮ್ಮ ರಾಶಿಯಿಂದ ಕೆಳಗಿನ ಹೊಲಕ್ಕೆ ಮಣ್ಣು ಇಳಿಯಲಿಲ್ಲ. ಅಲ್ಲಿನ ರೈತರು ಜಗಳಕ್ಕೆ ಬರಲಿಲ್ಲ, ಅದೇ ಸಾಕ್ಷಿ.

ಇವರೇ ಹೇಳಿದ ಇನ್ನೊಂದು ಮಾತನ್ನು ಬರೆಯಲೇಬೇಕು. ರಾಶಿ ಹಾಕುವುದೇ ಎರಡನೇ ದರ್ಜೆಯ ದಾರಿ. ಒಳ್ಳೆಯ ದಾರಿ ಅಂದರೆ ಒಂದು ಕಡೆ ಕೆರೆದ ಮೇಲ್ಮಣ್ಣನ್ನು ಆಗಲೇ ಗರಸು ತೆಗೆದು ಮುಗಿದ ಇನ್ನೊಂದು ತುಂಡಿಗೆ ನೇರವಾಗಿ ಒಯ್ದು ಹಾಸುವುದು. ಮಣ್ಣು ಜೀವಂತವಾಗಿಯೇ ಹೋಗುತ್ತದೆ, ಎರಡು ಸಲ ಎತ್ತಿಳಿಸುವ ಖರ್ಚೂ ಉಳಿಯುತ್ತದೆ. ಹಾಗಾಗಬೇಕಾದರೆ ಹೊಲವನ್ನು ತುಂಡು ತುಂಡಾಗಿ ತೋಡಬೇಕು, ಒಂದೇ ಸಲ ಪೂರ್ತಿ ಬಗೆಯಬಾರದು. ನಮ್ಮಲ್ಲಿ ಗರಸು ತೆಗೆದವರು ಒಂದು ತುಂಡಿಗೆ ಮಾತ್ರ ಒಪ್ಪಿದರು. ಆ ತುಂಡು ಇವತ್ತಿಗೂ ಉಳಿದೆಲ್ಲಕ್ಕಿಂತ ಹಸಿರಾಗಿದೆ. ಲೀಸ್ ಬರೆಯುವಾಗಲೇ ಈ ಷರತ್ತು ಹಾಕಿಸಿಕೊಳ್ಳಿ.

ಈಗ ವಾಪಸ್ ಹಾಸಿದ ಕೆಲಸ. ಇಲ್ಲಿ ಇವರ ಅನುಭವ ಕಾಣುತ್ತದೆ. ಗರಸು ತೆಗೆದ ಮೇಲೆ ಗುಂಡಿಯ ತಳ ಮಷೀನು ಓಡಾಡಿ ಓಡಾಡಿ ಸ್ಲ್ಯಾಬ್ ಹಾಕಿದ ಹಾಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ನೇರವಾಗಿ ಮಣ್ಣು ಹಾಕಿದರೆ ಮಳೆಗಾಲದಲ್ಲಿ ನೀರು ಇಂಗುವುದಿಲ್ಲ, ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಬೇರು ಕೆಳಗೆ ಇಳಿಯಲಾರದೆ ಗಿಡ ಒಣಗುತ್ತದೆ. ಇವರು ಮೊದಲು ಗುಂಡಿಯ ನೆಟ್ಟಗಿನ ಗೋಡೆಗಳನ್ನು ಒಡೆದು ಇಳಿಜಾರು ಮಾಡಿದರು. ದೊಡ್ಡ ಕಲ್ಲನ್ನು ತಳಕ್ಕೆ, ಚೂರನ್ನು ಅದರ ಮೇಲೆ ಹಾಕಿದರು. ಆಮೇಲೆ ರಿಪ್ಪರ್ ಹಲ್ಲು ಹಚ್ಚಿ ಇಳಿಜಾರಿಗೆ ಅಡ್ಡಲಾಗಿ ಎರಡು ಅಡಿಗಿಂತ ಆಳಕ್ಕೆ ಸೀಳಿದರು. ಇಳಿಜಾರಿನ ಉದ್ದಕ್ಕೆ ಸೀಳಿದರೆ ಪ್ರತಿ ಸಾಲೂ ಒಂದು ಕಾಲುವೆಯಾಗಿ ಮಣ್ಣನ್ನು ಹೊತ್ತೊಯ್ಯುತ್ತದೆ. ಆಮೇಲೆ ಒಳಮಣ್ಣು, ಅದರ ಮೇಲೂ ಒಮ್ಮೆ ಸೀಳು, ಕೊನೆಗೆ ಮೇಲ್ಮಣ್ಣು. ಮೊದಲು ಯಾವ ಕ್ರಮದಲ್ಲಿ ಇತ್ತೋ ಅದೇ ಕ್ರಮ.

ಹಾಸುವಾಗ ಮಣ್ಣು ತುಂಬಿದ ಟಿಪ್ಪರ್ ಹಾಸಿದ ಮೇಲ್ಮಣ್ಣಿನ ಮೇಲೆ ಹತ್ತಲೇಬಾರದು. ಇದನ್ನು ನಾನು ದಪ್ಪ ಅಕ್ಷರದಲ್ಲಿ ಬರೆಯಬೇಕು ಅನ್ನುವಷ್ಟು ಮುಖ್ಯ. ಟಿಪ್ಪರ್ ಒಳಮಣ್ಣಿನ ಮೇಲೆ ನಿಂತು ಸುರಿಯಿತು, ಚೈನ್ ಮಷೀನೂ ಒಳಮಣ್ಣಿನ ಮೇಲೇ ನಿಂತು ಬಕೆಟ್‌ನಿಂದ ಮೇಲ್ಮಣ್ಣನ್ನು ಎತ್ತಿ ಹರಡಿ ಹಿಂದೆ ಹಿಂದೆ ಸರಿಯುತ್ತಾ ಬಂತು. ಹರಡಿದ ಜಾಗಕ್ಕೆ ಮತ್ತೆ ಚಕ್ರ ತಾಗಲಿಲ್ಲ. ಬುಲ್‌ಡೋಜರ್‌ನಿಂದ ತಳ್ಳಿದರೆ ಬೇಗ ಮುಗಿಯುತ್ತದೆ, ನೋಡಲಿಕ್ಕೂ ಚಂದ, ಆದರೆ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಓಡಾಡಿ ಮಣ್ಣಿನಲ್ಲಿರುವ ಗಾಳಿಯ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಒಮ್ಮೆ ಆಳದಲ್ಲಿ ಒತ್ತಿಹೋದ ಮಣ್ಣು ನೇಗಿಲಿಗೆ ಸಿಗುವುದಿಲ್ಲ, ವರ್ಷಗಟ್ಟಲೆ ಕಾಡುತ್ತದೆ. ಕೆಲಸ ಮುಗಿದ ದಿನ ನೆಲ ಸ್ವಲ್ಪ ಉಬ್ಬು ತಗ್ಗಾಗಿ, ಸಡಿಲವಾಗಿ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಅದು ಒಳ್ಳೆಯ ಲಕ್ಷಣ. ಒಂದೆರಡು ಮಳೆಗೆ ತಾನಾಗಿ ಕೂರುತ್ತದೆ. ಊರಿನವರು ಬಂದು ಇದೇನು ಹಿಂಗ ಬಿಟ್ಟಾರ ಅಂದರು, ನಾವು ಹಾಗೇ ಬಿಡಿಸಿದೆವು.

ಮಣ್ಣಿನ ಹದ ನೋಡುವ ರೀತಿಯನ್ನೂ ಅವರಿಂದ ಕಲಿತೆ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹೊಸೆಯಬೇಕು. ಸುಮಾರು 3 ಮಿಲಿಮೀಟರ್ ದಪ್ಪದ ದಾರವಾಗಿ ಮುರಿಯದೆ ಹೊಸೆದು ಬಂದರೆ ಮಣ್ಣು ಇನ್ನೂ ಹಸಿ, ಮಷೀನು ನಿಲ್ಲಿಸಬೇಕು. ಉದುರಿ ಹೋದರೆ ಕೆಲಸ ಮಾಡಬಹುದು. ಎರೆ (ಕಪ್ಪು) ಮಣ್ಣಾದರೆ ಇನ್ನೂ ಕಟ್ಟುನಿಟ್ಟು. ಎರೆಯಲ್ಲಿ ಉಬ್ಬುವ ಜೇಡಿ ಜಾಸ್ತಿ, ಹಸಿಯಿದ್ದಾಗ ಮುಟ್ಟಿದರೆ ಹೆಂಟೆಯಾಗಿ ಬಿಡುತ್ತದೆ, ಒಣಗಿದ ಮೇಲೆ ಅದನ್ನು ಒಡೆಯುವುದು ಕಷ್ಟ.

ನನ್ನ ದೂರು ಬರುವುದು ಇಲ್ಲೇ. ಇಷ್ಟೆಲ್ಲ ಹೇಳಿಕೊಟ್ಟವರು ಕೊನೆಯ ತುಂಡಿನಲ್ಲಿ ತಾವೇ ಅದನ್ನು ಮುರಿದರು. ರೋಹಿಣಿ ಮಳೆಗೆ ಮುಂಚೆ ಮುಗಿಸಬೇಕು ಅಂತ ಹೊರಗಿನಿಂದ ಬಾಡಿಗೆ ಟಿಪ್ಪರ್ ತಂದರು. ಮಳೆ ಬಿದ್ದ ಮರುದಿನ, ಮಣ್ಣು ಇನ್ನೂ ಹಸಿ ಇದ್ದಾಗಲೇ, ಆ ಚಾಲಕರು ಹಾಸಿದ ಮಣ್ಣಿನ ಮೇಲೆ ಲೋಡ್ ಸಮೇತ ಓಡಿಸಿದರು. ಸೂಪರ್‌ವೈಸರ್ ಅವತ್ತು ಇನ್ನೊಂದು ಸೈಟಿಗೆ ಹೋಗಿದ್ದರು. ಆ ಮೂಲೆಯಲ್ಲಿ ಚಕ್ರದ ಜಾಡು ಇಂದಿಗೂ ಗೊತ್ತಾಗುತ್ತದೆ. ಸೆಣಬು ಬಿತ್ತಿದಾಗ ಉಳಿದ ಕಡೆ ಸೊಂಟದ ಮೇಲೆ ಬೆಳೆದರೆ ಅಲ್ಲಿ ಮೊಣಕಾಲಿಗೂ ಬರಲಿಲ್ಲ. ಕಬ್ಬಿಣದ ಸರಳು ಚುಚ್ಚಿ ನೋಡಿದೆವು. ಬೇರೆ ಕಡೆ ಕೈಯ ಬಲಕ್ಕೆ ಎರಡು ಅಡಿ ಇಳಿಯುವ ಸರಳು ಅಲ್ಲಿ ಒಂದು ಗೇಣಿಗೇ ನಿಂತಿತು. ಫೋನ್ ಮಾಡಿದರೆ ಬರುತ್ತೇವೆ ಅಂದರು, ಬಂದದ್ದು ಸುಗ್ಗಿ ಮುಗಿದ ಮೇಲೆ. ಬಂದು ದುಡ್ಡು ಕೇಳದೆ ಮತ್ತೆ ಸೀಳಿ ಕೊಟ್ಟರು, ಅದು ನಿಜ. ಆದರೆ ಒಂದು ಹಂಗಾಮು ಹೋಯಿತಲ್ವಾ? ಹಸಿ ಮಣ್ಣಿನಲ್ಲಿ ಕೆಲಸ ಮಾಡಬಾರದು ಅಂತ ಗೊತ್ತಿರುವವರೇ ಅವಸರಕ್ಕೆ ಮಾಡಿದರು ಅನ್ನುವುದು ನನಗೆ ಇನ್ನೂ ನೋವು.

ಎರಡನೇ ದೂರು ಬಿಲ್ಲಿನದು. ಮಣ್ಣು ಅಗೆದ ಕೂಡಲೇ ಉಬ್ಬುತ್ತದೆ. ನೆಲದಲ್ಲಿ 100 ಬ್ರಾಸ್ ಇದ್ದದ್ದು ಟಿಪ್ಪರಿಗೆ ಏರಿದಾಗ 120, 125 ಆಗಿರುತ್ತದೆ. ಇವರು ಟಿಪ್ಪರ್ ಅಳತೆಗೆ ಬಿಲ್ ಹಾಕಿದ್ದರು. ಸುಣ್ಣದ ಗೆರೆಯ ನಕಾಶೆ ನಮ್ಮ ಹತ್ತಿರ ಇದ್ದದ್ದರಿಂದ ನೆಲದ ಅಳತೆ ತೆಗೆದು ತೋರಿಸಿದೆವು, ತಗಾದೆ ಮಾಡದೆ ಇಳಿಸಿದರು. ಇದರಲ್ಲಿ ಮೋಸ ಇತ್ತು ಅಂತ ಹೇಳುವುದಿಲ್ಲ, ಈ ಕಡೆ ಎಲ್ಲರೂ ಹಾಗೇ ಹಾಕುತ್ತಾರೆ. ಆದರೆ ಎತ್ತುವಾಗ ಒಮ್ಮೆ, ಹಾಸುವಾಗ ಒಮ್ಮೆ ಉಬ್ಬಿದ ಲೆಕ್ಕಕ್ಕೆ ದುಡ್ಡು ಕೊಟ್ಟರೆ ದೊಡ್ಡ ಮೊತ್ತವೇ ಆಗುತ್ತದೆ. ನೆಲದ ಅಳತೆಗೆ ಬ್ರಾಸ್ ದರ, ಸೀಳುವ ಕೆಲಸಕ್ಕೆ ಮಾತ್ರ ಗಂಟೆ ದರ ಅಂತ ಮೊದಲೇ ಬರೆಸಿಕೊಳ್ಳಿ. ಒಟ್ಟು ಖರ್ಚು ಸುಮ್ನೆ ಲೆವೆಲ್ ಮಾಡಿಕೊಡುವವರು ಹೇಳಿದ್ದಕ್ಕಿಂತ ಅರ್ಧದಷ್ಟು ಹೆಚ್ಚಾಯಿತು. ನನಗೆ ಅದು ಜಾಸ್ತಿ ಅನ್ನಿಸಲಿಲ್ಲ.

ಯಾಕೆ ಅನ್ನಿಸಲಿಲ್ಲ ಅಂದರೆ, ಕಡಿಮೆ ದರದ ಕೆಲಸವನ್ನೂ ನೋಡಿದ್ದೇನೆ. ರಾಣೆಬೆನ್ನೂರು ಕಡೆ ನಮ್ಮ ನೆಂಟರ ಜಮೀನಿನಲ್ಲಿ ಕಲ್ಲು ತೆಗೆದು ಮುಗಿದ ಮೇಲೆ ಬೇರೆ ಒಬ್ಬರು ಮುಚ್ಚಿಕೊಟ್ಟರು. ಮೇಲ್ಮಣ್ಣು, ಒಳಮಣ್ಣು, ಕ್ರಷರ್ ಪುಡಿ ಎಲ್ಲ ಒಂದೇ ಗುಡ್ಡೆಯಲ್ಲಿ ಎರಡಾಳು ಎತ್ತರಕ್ಕೆ ಬಿದ್ದಿತ್ತು, ಅದನ್ನೇ ಡೋಜರ್‌ನಿಂದ ತಳ್ಳಿದರು. ದೂರದಿಂದ ಮೈದಾನದ ಹಾಗೆ ಕಾಣುತ್ತದೆ. ಮಳೆ ಬಂದರೆ ಮೇಲೆ ಪದರ ಕಟ್ಟುತ್ತದೆ, ನೀರು ನಿಲ್ಲುತ್ತದೆ, ಗೋವಿನಜೋಳ ಹಳದಿಯಾಗಿ ನಿಂತುಬಿಡುತ್ತದೆ. ಮೂಟೆ ಮೂಟೆ ಗೊಬ್ಬರ ಸುರಿದರೂ ಏಳಲಿಲ್ಲ. ಅಲ್ಲಿ ಕೊರತೆ ಇದ್ದದ್ದು ಗೊಬ್ಬರದ್ದು ಮಾತ್ರ ಅಲ್ಲ, ಗಾಳಿ ಮತ್ತು ಜಾಗದ್ದು.

ಆ ನೆಂಟರು ಆಮೇಲೆ ಕೆರೆ ಹೂಳು ತಂದು ಹಾಕಿಸಿದರು. ಇದನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಬಹಳ ಜನ ಮೇಲ್ಮಣ್ಣು ಹೋದರೆ ಹೋಯಿತು, ಕೆರೆ ಹೂಳು ಹೊಡೆಸಿದರೆ ಆಯಿತು ಅನ್ನುತ್ತಾರೆ. ಮಸಾರಿ ಹೊಲಕ್ಕೆ ಹೂಳು ಹೊಡೆಯುವುದು ನಮ್ಮ ಹಿರಿಯರು ಮಾಡಿಕೊಂಡು ಬಂದ ಒಳ್ಳೆಯ ಪದ್ಧತಿ, ನೀರು ಹಿಡಿಯುವ ಶಕ್ತಿ ಬರುತ್ತದೆ. ಆದರೆ ಅದು ಇರುವ ಮಣ್ಣಿನ ಜೊತೆ ತೆಳುವಾಗಿ ಬೆರೆಸುವುದಕ್ಕೆ. ಸೀಳದ ಗರಸಿನ ಮೇಲೆ ಒಂದು ಅಡಿ ಜೇಡಿ ಹೂಳು ಹಾಸಿದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಕೆಳಗಿನ ಗಟ್ಟಿ ಪದರದ ಮೇಲೆ ಜಾರುತ್ತದೆ. ನಮ್ಮ ತಂಡದವರು ಹೂಳು ಬೇಕೇ ಅಂತ ನಾವು ಕೇಳಿದಾಗ ಬೇಡ ಅಂದರು. ಹೂಳು ಸಾಗಿಸಿದ್ದರೆ ಅವರಿಗೆ ಇನ್ನಷ್ಟು ದುಡಿಮೆ ಇತ್ತು. ಹಾಗಿದ್ದೂ ಬೇಡ ಅಂದದ್ದಕ್ಕೆ ನಾನು ಅವರನ್ನು ನಂಬಿದೆ.

ಮಣ್ಣು ಪರೀಕ್ಷೆ ಅವರ ಪ್ಯಾಕೇಜಿನಲ್ಲೇ ಇತ್ತು. ಕೆರೆಯುವ ಮುಂಚೆ ಒಮ್ಮೆ, ಹಾಸಿದ ಮೇಲೆ ಒಮ್ಮೆ. ಎರಡೂ ವರದಿಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಏನು ಕಳೆದುಕೊಂಡೆವು ಅಂತ ಗೊತ್ತಾಗುತ್ತದೆ. ಸಾವಯವ ಇಂಗಾಲ 0.5 ಶೇಕಡಾಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದಕ್ಕೆ ಮೇಲೆ ಉತ್ತಮ. ನಮ್ಮದು ಮಧ್ಯಮದಿಂದ ಕಡಿಮೆ ಸಾಲಿಗೆ ಇಳಿದಿತ್ತು. ಎಷ್ಟೇ ಜೋಪಾನ ಮಾಡಿದರೂ ಎತ್ತಿ ಇಳಿಸುವಾಗ ಸ್ವಲ್ಪ ಹೋಗುತ್ತದೆ, ಯಾವ ತಂಡವಾದರೂ ಏನೂ ಕಳೆಯುವುದಿಲ್ಲ ಅಂತ ಹೇಳಿದರೆ ನಂಬಬೇಡಿ. ಪರೀಕ್ಷೆಗೆ ಗದಗ ಕಡೆಯವರಿಗೆ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ, ಹಾವೇರಿಯವರಿಗೆ ಹನುಮನಮಟ್ಟಿ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ತಂಡ ಕೊಟ್ಟ ವರದಿಯ ಮೇಲೆ ಅನುಮಾನ ಬಂದರೆ ನೀವೇ ಹೋಗಿ ವಿಚಾರಿಸಬಹುದು.

ಮೊದಲ ವರ್ಷ ಶೇಂಗಾ, ಮೆಣಸಿನಕಾಯಿ ಅಂತ ಆಸೆ ಪಡಬೇಡಿ ಅಂತ ಅವರು ಹೇಳಿದ್ದನ್ನು ಕೇಳಿದೆವು. ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದೆವು. ಹಿಂಗಾರಿಗೆ ಹುರುಳಿ. ಇಳಿಜಾರಿಗೆ ಅಡ್ಡ ಬದು ಹಾಕಿ, ಬದುವಿನ ಮೇಲೆ ಸ್ಟೈಲೋ ಮತ್ತು ಅಂಜನ ಹುಲ್ಲು, ಅಂಚಿಗೆ ಗ್ಲಿರಿಸಿಡಿಯಾ, ಬೇವು, ಹೊಂಗೆ. ಬೇಸಿಗೆಯಲ್ಲಿ ಕುರುಬರ ಕುರಿ ಹಿಂಡು ರಾತ್ರಿ ನಿಲ್ಲಿಸಿದೆವು. ಇದು ತಂಡದ ಪಟ್ಟಿಯಲ್ಲಿ ಇರಲಿಲ್ಲ, ನಮ್ಮ ಮನೆಯ ಹಿರಿಯರ ಸಲಹೆ. ಹಿಕ್ಕೆ, ಗಂಜಲ ಎರಡೂ ಬಿದ್ದು ಮಣ್ಣಿನ ಬಣ್ಣವೇ ತಿರುಗಿತು. ಕುರಿ ಹಿಂಡು ಒಳಗೆ ಬಿಡುವುದಕ್ಕೆ ಮಣ್ಣು ಒಣಗಿರಲಿ, ಹಸಿಯಲ್ಲಿ ಗೊರಸಿನ ತುಳಿತವೂ ಮಣ್ಣನ್ನು ಒತ್ತುತ್ತದೆ. ಎರಡನೇ ಮುಂಗಾರಿಗೆ ಹೆಸರು ಬಿತ್ತಿದೆವು. ಟಿಪ್ಪರ್ ಓಡಾಡಿದ ಮೂಲೆ ಬಿಟ್ಟರೆ ಬೆಳೆ ಒಪ್ಪುವ ಹಾಗೆ ಬಂತು, ಗರಸು ತೆಗೆಸದೆ ಬಿಟ್ಟ ಪಕ್ಕದ ತುಂಡಿನಷ್ಟು ಮಾತ್ರ ಇನ್ನೂ ಇಲ್ಲ.

ಗುಂಡಿಯ ಅತಿ ಆಳದ ಮೂಲೆಯನ್ನು ಅವರು ಮುಚ್ಚಲಿಲ್ಲ, ಇಳಿಜಾರು ಕೊಟ್ಟು ಕೃಷಿ ಹೊಂಡ ಮಾಡಿದರು. ಗರಸು ಹೊರಗೆ ಹೋದಷ್ಟು ಮಣ್ಣಿನ ಕೊರತೆ ಇದ್ದೇ ಇರುತ್ತದೆ, ಪೂರ್ತಿ ಮುಚ್ಚಬೇಕು ಅಂತ ಹಟ ಹಿಡಿದರೆ ಮೇಲ್ಮಣ್ಣನ್ನೇ ತೆಗೆದು ತಳಕ್ಕೆ ಹಾಕಬೇಕಾಗುತ್ತದೆ. ಒಳ್ಳೆ ನಿರ್ಧಾರ. ಸುತ್ತ ಬೇಲಿ ಮಾತ್ರ ನಾವೇ ಹಾಕಿಸಿದೆವು. ಮಕ್ಕಳು, ದನ ಓಡಾಡುವ ಜಾಗ, ಅದನ್ನು ಅವರೇ ಮಾಡಬೇಕಿತ್ತು.

ಕಾನೂನಿನ ಮಾತು ಸ್ವಲ್ಪ. ಕಬ್ಬಿಣ, ಮ್ಯಾಂಗನೀಸ್‌ನಂಥ ದೊಡ್ಡ ಖನಿಜಗಳಿಗೆ 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿವೆ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆಯಬೇಕು, ತಕ್ಷಣ ಬಳಸಲಾಗದಿದ್ದರೆ ಬೇರೆಯಾಗಿ ಇಡಬೇಕು, ನೆಲ ಸುಧಾರಿಸುವುದಕ್ಕೆ ಬಳಸಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಗರಸು, ಕಟ್ಟಡದ ಕಲ್ಲು ಉಪಖನಿಜ, ಅವಕ್ಕೆ ರಾಜ್ಯದ 1994ರ ನಿಯಮಗಳು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಗಣಿ ಕೆಲಸ ನಿಲ್ಲಿಸಿದ ಮೇಲೆ ಆ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸುವುದು ಲೀಸ್ ಪಡೆದವರ ಹೊಣೆ ಅಂತ ಷರತ್ತು ಹಾಕಲು ಕೇಂದ್ರಕ್ಕೆ ಹೇಳಿತು. ಬಳ್ಳಾರಿ ಗಣಿಗಳ ವಿಷಯದಲ್ಲಿ ಕೋರ್ಟಿಗೆ ಹೋದದ್ದು ನಮ್ಮ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ. 2013ರ ಏಪ್ರಿಲ್‌ನಲ್ಲಿ ಬಂದ ಆ ತೀರ್ಪಿನಿಂದ, ಗಣಿಗಳು ಮತ್ತೆ ಶುರುವಾಗಬೇಕಾದರೆ ನೆಲ ಸುಧಾರಣೆಯ ಯೋಜನೆ ಪಾಲಿಸಲೇಬೇಕು ಅಂತಾಯಿತು. ಇಷ್ಟು ದೊಡ್ಡ ಹೋರಾಟ ಮಾಡಿದ ನಾಡಿನಲ್ಲಿ ಊರ ಪಕ್ಕದ ಗರಸಿನ ಗುಂಡಿಗಳು ಹಾಗೇ ಬಾಯಿ ತೆರೆದುಕೊಂಡು ಬಿದ್ದಿರುವುದು ನೋಡಿದರೆ ಸಂಕಟ ಆಗುತ್ತದೆ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿ ಧಾಮ ಮಾಡಿಸಲು ಗದಗಿನ ಜನ ಎಷ್ಟು ಓಡಾಡಿದರು! ಅದೇ ಗುಡ್ಡದ ಸೆರಗಿನ ಹೊಲಗಳ ಮಣ್ಣಿಗೂ ಅಷ್ಟೇ ಬೆಲೆ ಇದೆ.

ನೀವು ಕರೆಸುವುದಾದರೆ ದಸರೆ ಮುಗಿದ ಮೇಲೆ, ನೆಲ ಒಣಗಿದ ನಂತರ ಶುರುಮಾಡಿ ಯುಗಾದಿಯ ಹೊತ್ತಿಗೆ ಹಾಸುವ ಕೆಲಸ ಮುಗಿಯುವ ಹಾಗೆ ಒಪ್ಪಂದ ಮಾಡಿಕೊಳ್ಳಿ. ಮೇ ತಿಂಗಳಿಗೆ ಎಳೆಯಲು ಬಿಡಬೇಡಿ, ನಮ್ಮಲ್ಲಿ ಕೆಟ್ಟದ್ದೆಲ್ಲ ಆದದ್ದು ಆ ಕೊನೆಯ ಅವಸರದಲ್ಲಿ. ಬಾಡಿಗೆ ಟಿಪ್ಪರ್ ತಂದರೆ ಸೂಪರ್‌ವೈಸರ್ ಸೈಟಿನಲ್ಲೇ ಇರಬೇಕು, ಮಳೆ ಬಿದ್ದರೆ ಮಣ್ಣು ಉದುರುವ ಹದಕ್ಕೆ ಬರುವ ತನಕ ಕೆಲಸ ನಿಲ್ಲಬೇಕು ಅಂತ ಕಾಗದದಲ್ಲಿ ಬರೆಸಿ. ಬೇಲಿ ಯಾರದು, ರಾಶಿಯ ಕಾವಲು ಯಾರದು ಅನ್ನುವುದನ್ನೂ ಬರೆಸಿ. ದುಡ್ಡಿನಲ್ಲಿ ಒಂದು ಪಾಲನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಹಿಡಿದಿಟ್ಟುಕೊಳ್ಳುವುದಕ್ಕೆ ನಮ್ಮ ತಂಡ ಒಪ್ಪಿತ್ತು, ನೀವೂ ಕೇಳಿ. ಆ ಪಾಲು ಕೊಡುವ ಮುಂಚೆ ಒಂದು ಸರಳು ಹಿಡಿದು ಹೊಲದ ತುಂಬ ಚುಚ್ಚುತ್ತಾ ಒಂದು ಸುತ್ತು ಹೋಗಿ ಬನ್ನಿ.